ಅರ್ಧ ಬರೆದ ಫೈಲು

ಅಣ್ಣ ತಂಗಿ ಸೇರಿ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಕಟ್ಟಿದ್ದರು. ರಿಪೇರಿ ಅಂಗಡಿಯ ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಅದನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ತಿದ್ದಲೂಬಹುದು. ಹಳೆಯ ಯಂತ್ರಗಳಿಗೆ ಕೂರಿಸಿದ ಕಂಟ್ರೋಲ್ ಪೆಟ್ಟಿಗೆಗಳಲ್ಲಿ ಅದು ಓಡುತ್ತಿತ್ತು. ಆ ಪೆಟ್ಟಿಗೆಗಳಲ್ಲಿ ಜಾಗವೋ ಅಂಗೈಯಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ತಂಗಿ ಕಾಲನ್ನೇ ಮಡಚಿಡುವ ದಾರಿ ಹುಡುಕಿದಳು. ಫೈಲುಗಳನ್ನು ಹಿಂಡಿ ಅರ್ಧ ಜಾಗದಲ್ಲಿಟ್ಟು, ಬೇಕಾದಾಗ ಬಿಚ್ಚಿಕೊಡುವ ಫೈಲ್ ಸಿಸ್ಟಂ ಬರೆದಳು.

"ಬರೆಯೋ ಹೊತ್ತಲ್ಲೇ ಕರೆಂಟು ಹೋದ್ರೆ ಏನಾಗುತ್ತೆ ಅಂತ ಇನ್ನೂ ನೋಡಿಲ್ಲ. ತಡಿ ಅಣ್ಣಾ," ಅಂದಳು.

"ಜನ ಕೇಳಿ ಕೇಳಿ ನನ್ನ ತಲೆ ತಿಂತಿದಾರೆ. ನೀನು ತಡಿ ತಡಿ ಅಂತ ಕೂತ್ರೆ ಆದಂಗೇ," ಅಂದ ಅಣ್ಣ, ಅವಳು ಊಟಕ್ಕೆ ಎದ್ದಾಗ ಅದನ್ನು ಬಿಡುಗಡೆ ಮಾಡಿಬಿಟ್ಟ.

ಪಕ್ಕದ ಬೀದಿಯ ಲಾಂಡ್ರಿಯ ಬಾಯ್ಲರಿಗೂ ಅಂಥದೇ ಪೆಟ್ಟಿಗೆಯಿತ್ತು, ಹೊಸ ಫೈಲ್ ಸಿಸ್ಟಂ ಅದಕ್ಕೂ ಇಳಿದಿತ್ತು. ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಅರ್ಧ ಬರೆದ ಫೈಲು ಪಕ್ಕದ ಫೈಲನ್ನೂ ಕೆಡಿಸಿತು. ಆವಿಯ ಒತ್ತಡ ಎಲ್ಲಿಗೆ ನಿಲ್ಲಬೇಕೆಂಬುದು ಇದ್ದದ್ದು ಅದರಲ್ಲೇ. ಸೇಫ್ಟಿ ವಾಲ್ವ್ ಎಂದೋ ತುಕ್ಕು ಹಿಡಿದಿತ್ತು. ಬಾಯ್ಲರ್ ಸಿಡಿಯಿತು. ಲಾಂಡ್ರಿ ನಡೆಸುತ್ತಿದ್ದ ಇಸ್ತ್ರಿಯವನ ಹೆಂಡತಿಯ ಮುಖ, ಕುತ್ತಿಗೆ ಬೆಂದುಹೋದವು. ಅವಳ ಚೀರಾಟ ಅಂಗಡಿಯವರೆಗೂ ಕೇಳಿಸಿತು.

ಮರುದಿನ ಇಸ್ತ್ರಿಯವನು ಕಬ್ಬಿಣದ ಸರಳು ಹಿಡಿದು ಬಂದ. ಮೊದಲ ಏಟಿಗೆ ಅಣ್ಣನ ದವಡೆ ಮುರಿಯಿತು, ಆಮೇಲೆ ಮಂಡಿ. ತಂಗಿಗೆ ಒಂದು ಕ್ಷಣ 'ಬೀಳಲಿ ಇವನಿಗೆ' ಅನ್ನಿಸಿತು. ಹಾಗನ್ನಿಸಿದ್ದಕ್ಕೇ ಬೆದರಿ ನಡುವೆ ನುಗ್ಗಿದಳು.

"ಅದನ್ನ ಬರೆದೋಳು ನಾನು. ನನ್ನ ಹೊಡಿ."

ಅವನು ಹೊಡೆದ. ತಲೆಗೆ ಅಡ್ಡ ಹಿಡಿದ ಎಡಗೈ ಒಣಕಟ್ಟಿಗೆಯಂತೆ ಲಟಕ್ಕನೆ ಮುರಿಯಿತು. ಅವಳು ಬಲಗೈಗೆ ಸಿಕ್ಕ ಸ್ಕ್ರೂಡ್ರೈವರನ್ನು ಅವನ ತೊಡೆಗೆ ಹಿಡಿಯವರೆಗೂ ಇಳಿಸಿದಳು. ಅಕ್ಕಪಕ್ಕದವರು ಬಂದು ಬಿಡಿಸುವಷ್ಟರಲ್ಲಿ ಕೀಬೋರ್ಡುಗಳ ಮೇಲೆಲ್ಲ ರಕ್ತ.

ಆಸ್ಪತ್ರೆಗೆ ಪೊಲೀಸರು ಬಂದರು. ದವಡೆಗೆ ತಂತಿ ಹಾಕಿಸಿಕೊಂಡಿದ್ದ ಅಣ್ಣ, ಕಚ್ಚಿದ ಹಲ್ಲುಗಳ ನಡುವಿನಿಂದ, "ತಪ್ಪು ಅವಳ ಕೋಡಿಂದು," ಅಂದ. ತಂಗಿ ಮಂಚದಿಂದಿಳಿದು ಬಂದು ಅದೇ ಮುರಿದ ದವಡೆಗೆ ಬಾರಿಸಿದಳು. ಅವನು ಮುದುಡಿ ಬಿದ್ದ.

"ಕೋಡು ನಂದೇ. ತಡಿ ಅಂದಿದ್ದೂ ನಾನೇ," ಅಂದಳು, ನರ್ಸ್ ಎಳೆದೊಯ್ಯುತ್ತಿರುವಾಗ.

ಅಣ್ಣ ಅಂಗಡಿಗೆ ಮತ್ತೆ ಬರಲಿಲ್ಲ. ಅವಳು ಬಿಡುಗಡೆಯನ್ನು ಹಿಂತೆಗೆದುಕೊಂಡು, ಬಳಸುವವರಿಗೆಲ್ಲ ತಿಳಿಸಿ, ಒಂದೇ ಕೈಯಲ್ಲಿ ಮತ್ತೆ ಬರೆಯಲು ಕೂತಳು. ಈ ಸಲ ಪೆಟ್ಟಿಗೆ ಹೊಸ ಫೈಲನ್ನು ಬೇರೆ ಜಾಗದಲ್ಲಿ ಪೂರ್ತಿ ಬರೆದು, ಸರಿಯಿದೆಯೆಂದು ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ಅಳಿಸಬೇಕು.

ಜಾಮೀನಿನ ಮೇಲೆ ಹೊರಬಂದ ಇಸ್ತ್ರಿಯವನು ಒಂದು ಮಧ್ಯಾಹ್ನ ಕುಂಟುತ್ತ ಬಂದ. ಅವಳ ಕೈ ತಾನಾಗಿ ಸ್ಕ್ರೂಡ್ರೈವರಿನತ್ತ ಹೋಯಿತು.

"ಇನ್ನೊಬ್ರಿಗೆ ಹಿಂಗಾಗಲ್ವಾ ಅಂತ ನನ್ನ ಹೆಂಡತಿ ಕೇಳ್ತಿದಾಳೆ," ಅಂದ.

"ನೀವೇ ನೋಡಿ. ಈ ಪೆಟ್ಟಿಗೆ ಫೈಲು ಬರೀತಿರುವಾಗ ಪ್ಲಗ್ ಕೀಳಿ."

ಅವನು ಕಿತ್ತ. ಹಾಕಿದ, ಕಿತ್ತ. ಬರಬರುತ್ತ ಅವನ ಕೊರಳ ನರ ಉಬ್ಬಿತು. ಗೋಡೆಯನ್ನೇ ಕೊಲ್ಲುವವನಂತೆ ಎಳೆಯತೊಡಗಿದ. ಕಡೆಗೆ ಸಾಕೆಟ್ಟೇ ಗಾರೆಯ ಸಮೇತ ಕಿತ್ತು ಬಂತು. ಅವಳು ಪೆಟ್ಟಿಗೆಯನ್ನು ಬೇರೆ ಸಾಕೆಟ್ಟಿಗೆ ಹಾಕಿ ತೋರಿಸಿದಳು. ಫೈಲು ಇದ್ದ ಹಾಗೇ ಇತ್ತು.

"ಅವಳಿಗೆ ಕನ್ನಡಿ ಕೊಡಬೇಡಿ ಅಂದಿದಾರೆ ಡಾಕ್ಟ್ರು," ಅಂದ ಅವನು, ಕೈಯಲ್ಲಿನ ಸಾಕೆಟ್ಟನ್ನು ಏನು ಮಾಡಬೇಕೆಂದು ತಿಳಿಯದೆ.