ಚೈತನ್ಯಾಳ ಕೈಗುಣ

ಸರಸ್ವತಮ್ಮನವರ ಹೊಟ್ಟೆ ಮುಷ್ಕರ ಹೂಡಿ ಒಂದು ಚಳಿಗಾಲವೇ ಕಳೆದಿತ್ತು. ಎರಡು ತುತ್ತು ಉಂಡರೆ ಸಾಕು, ಹೊಟ್ಟೆ ಕಲ್ಲಿನ ಹಾಗಾಗುತ್ತಿತ್ತು; ಆಮೇಲೆ ಸಂಜೆಯವರೆಗೂ ತೇಗು. ಪರ್ತ್‌ನ ಡಾಕ್ಟರು ಸ್ಕ್ಯಾನು, ಎಂಡೋಸ್ಕೋಪಿ ಎಲ್ಲ ಮಾಡಿಸಿ, ಕಾಯಿಲೆ ಏನೂ ಇಲ್ಲ, ವಯಸ್ಸಿಗೆ ಜೀರ್ಣಶಕ್ತಿ ಮಂದವಾಗಿದೆ ಅಷ್ಟೆ ಎಂದು ಕೈ ತೊಳೆದುಕೊಂಡರು. ಸರಸ್ವತಮ್ಮ ಮಾತ್ರ ಮೂಲ ಕಾರಣ ಕಂಡುಹಿಡಿದಿದ್ದರು.

"ಕೈಗುಣ ಅಂತ ಒಂದಿರುತ್ತೆ ಕಣಮ್ಮ. ಅಡುಗೆಗೂ ಬೇಕು, ಔಷಧಿಗೂ ಬೇಕು. ಎಲ್ಲರಿಗೂ ಇರಲ್ಲ," ಎಂದು ಹಿರಿಯ ಸೊಸೆ ಮಧುರಾಳ ಮುಖಕ್ಕೇ ಹೇಳುತ್ತಿದ್ದರು. ಅದು ಇದ್ದದ್ದು ಕಿರಿಯ ಸೊಸೆ ಚೈತನ್ಯಾಗೆ. ಚೈತನ್ಯಾ ಇರುವುದು ಬ್ರಿಸ್ಬೇನಿನ ಟೂವಾಂಗ್‌ನಲ್ಲಿ; ಅತ್ತೆ ಅವಳ ಕೈಯಡುಗೆ ಉಂಡದ್ದು ಒಂದು ದೀಪಾವಳಿಯಲ್ಲಿ ಮಾತ್ರ. ಅಷ್ಟು ದೂರ ಇರುವವಳ ಸಾರಿಗೆ ಉಪ್ಪು ಹೆಚ್ಚಾಗುವ ಪ್ರಸಂಗವೇ ಬರುವುದಿಲ್ಲವಲ್ಲ.

ಮಧುರಾಳನ್ನು ಈ ಮಾತು ಒಳಗೊಳಗೇ ಕೊರೆಯುತ್ತಿತ್ತು. ಗಂಡ ಕಿರಣ ಗಣಿ ಕಂಪನಿಯ ಜಿಯಾಲಜಿಸ್ಟು, ಅರ್ಧ ಬದುಕು ಕ್ಯಾಂಪಿನಲ್ಲೇ. ಮಾವ ತೀರಿಕೊಂಡ ಮೇಲೆ ಅತ್ತೆ ಬಂದು ನೆಲೆಸಿದ್ದು ಇವಳ ಮನೆಯಲ್ಲಿ. ವೆಲ್ಷ್‌ಪೂಲ್‌ನ ಗೋದಾಮಿನ ಆಫೀಸಿನಲ್ಲಿ ದುಡಿದು ಬಂದು, ಅತ್ತೆಗೆಂದು ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾರು ಬೇರೆಯಾಗಿ ಮಾಡುವವಳು ಇವಳು. ಅವಳಿಗೆ ಬೇಕಿದ್ದದ್ದು ದೊಡ್ಡದೇನಲ್ಲ. 'ನಿನ್ನ ಕೈ ಒಳ್ಳೇದು ಕಣೇ' ಎಂಬ ಒಂದು ಮಾತು ಅತ್ತೆಯ ಬಾಯಿಂದ ಬಂದಿದ್ದರೆ ಸಾಕಿತ್ತು.

ಆಫೀಸಿನ ಗೆಳತಿಯೊಬ್ಬಳು ಹೇಳಿದಳೆಂದು ಅತ್ತೆಯನ್ನು ವಿಕ್ಟೋರಿಯಾ ಪಾರ್ಕ್‌ನ ಚೀನೀ ವೈದ್ಯೆಯ ಬಳಿ ಕರೆದುಕೊಂಡು ಹೋದಳು. ವೈದ್ಯೆ ನಾಡಿ ಹಿಡಿದಳು, ನಾಲಿಗೆ ನೋಡಿದಳು, ಡಾಕ್ಟರು ಕೊಟ್ಟ ಮಾತ್ರೆಗಳನ್ನೆಲ್ಲ ವಿಚಾರಿಸಿದಳು. ಜಿನ್‌ಸೆಂಗ್ ಬೇರು, ಜ್ಯೇಷ್ಠಮಧು, ಇನ್ನೆರಡು ಒಣ ಚೂರುಗಳನ್ನು ಪೊಟ್ಟಣ ಕಟ್ಟಿ, ಇದಕ್ಕೆ 'ನಾಲ್ವರು ಸಜ್ಜನರು' ಎಂದು ಹೆಸರು, ಕುಗ್ಗಿದ ಜಠರವನ್ನು ಮೆಲ್ಲಗೆ ಎಬ್ಬಿಸುತ್ತದೆ ಎಂದಳು. ಮನೆಯಲ್ಲಿ ಒಬ್ಬರೂ ಸಿಗದೆ ಇಲ್ಲಿ ನಾಲ್ವರು ಒಟ್ಟಿಗೆ ಸಿಕ್ಕರಲ್ಲ ಎಂದು ಮಧುರಾಗೆ ನಗು ಬಂತು.

ಕುದಿಸಿ ಕೊಟ್ಟ ಲೋಟವನ್ನು ಸರಸ್ವತಮ್ಮ ತುಟಿಗೂ ತಾಗಿಸದೆ ಸಿಂಕಿಗೆ ಸುರಿದರು.

"ಆ ಅಂಗಡಿ ಬಾಟ್ಲಲ್ಲಿ ಮಿಡತೆ ಇತ್ತು, ಕಣ್ಣಾರೆ ನೋಡಿದೀನಿ. ನನ್ನ ಜಾತಿ ಕೆಡಿಸಬೇಕು ಅಂತಿದೀಯಾ?"

ಮಧುರಾ ಆವತ್ತು ಲಾಂಡ್ರಿ ರೂಮಿನಲ್ಲಿ ನಿಂತು ಅತ್ತಳು. ಆಮೇಲೆ ಚೈತನ್ಯಾಗೆ ಫೋನು ಮಾಡಿ ವಿಷಯ ಹೇಳಿದಳು. ಇಬ್ಬರೂ ನಕ್ಕು ಒಂದು ಸುಳ್ಳು ಹೊಸೆದರು. ವಾರ ಕಳೆದ ಮೇಲೆ ಅದೇ ಬೇರುಗಳನ್ನು ಕುಟ್ಟಿ ಪುಡಿ ಮಾಡಿ, ಸ್ಟೀಲ್ ಡಬ್ಬಿಗೆ ತುಂಬಿ, "ಚೈತನ್ಯಾ ಕಳಿಸಿದಾಳೆ ಅತ್ತೆ. ಮೈಸೂರಿನ ಪಂಡಿತರ ಕಷಾಯವಂತೆ, ಅವಳೇ ಕುಟ್ಟಿದ್ದಂತೆ," ಎಂದಳು.

ಸರಸ್ವತಮ್ಮ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು, ಕಷಾಯ ಮಾಡಿಸಿಕೊಂಡು ಕುಡಿದರು. ಔಷಧಿ ನಾಟಿತು. ಹಸಿವು ಬಂತು, ತೇಗು ನಿಂತಿತು, ಬಿಸಿಬೇಳೆ ಬಾತಿಗೆ ಎರಡನೇ ಸಲ ತಟ್ಟೆ ಚಾಚಿದರು. ಚೈತನ್ಯಾಳ ಕೀರ್ತಿ ಅಡಿಲೇಡ್ ಮುಟ್ಟಿ, ಅಲ್ಲಿರುವ ನೆಂಟರ ಪೈಕಿಯ ಬನಶಂಕರಿ ಆಂಟಿಯೂ ಅವಳನ್ನೇ ಕಷಾಯ ಕೇಳಿದರು. ಮಧುರಾ ಪುಡಿ ಕುಟ್ಟುತ್ತಲೇ ಇದ್ದಳು. ಒಂದು ದಿನ ಸ್ಪೀಕರಿನಲ್ಲಿ ಚೈತನ್ಯಾಳ ದನಿ ಕೇಳಿಸಿತು: "ಅಯ್ಯೋ ಅತ್ತೆ, ಅದೇನು ಮಹಾ? ವೀಕೆಂಡ್ ಅರ್ಧ ಹೋಗುತ್ತೆ ನಿಜ, ಆದ್ರೆ ನಿಮಗೋಸ್ಕರ ಅಷ್ಟೂ ಮಾಡಲ್ವಾ?"

ಮಧುರಾಳ ಮೈ ಉರಿದುಹೋಯಿತು. ಸುಳ್ಳು ಹೊಸೆದದ್ದರಲ್ಲಿ ತನ್ನ ಪಾಲೂ ಇತ್ತು, ನಿಜ; ಅದಕ್ಕೆ ವೀಕೆಂಡನ್ನೂ ಸೇರಿಸು ಎಂದಿರಲಿಲ್ಲ.

ಫೋನಿಟ್ಟ ಸರಸ್ವತಮ್ಮ, ಇನ್ನು ಬ್ರಿಸ್ಬೇನಿನಲ್ಲೇ ಇರುತ್ತೇನೆ, ಕೈಗುಣ ಇರುವವಳ ಹತ್ತಿರ ಇದ್ದರೆ ನಾಲ್ಕು ದಿನ ಹೆಚ್ಚು ಬದುಕುತ್ತೇನೆ ಎಂದರು. ಕಿರಣ ಕ್ಯಾಂಪಿನಿಂದಲೇ ಟಿಕೆಟ್ ಮಾಡಿಸಿದ.

ಹೊರಡುವ ಹಿಂದಿನ ಮಧ್ಯಾಹ್ನ ಅತ್ತೆಯ ಸೀರೆ ಮಡಿಸುತ್ತಿದ್ದ ಮಧುರಾಗೆ ತಡೆಯಲಾಗಲಿಲ್ಲ. ಚೀನೀ ಅಕ್ಷರದ ಪೊಟ್ಟಣಗಳನ್ನು ತಂದು ಹಾಸಿಗೆಯ ಮೇಲೆ ಸುರಿದಳು.

"ಅತ್ತೆ, ನೀವು ಇಷ್ಟು ದಿನ ಕುಡಿದಿದ್ದು ಇದೇ. ಚೈತನ್ಯಾ ಏನೂ ಕಳಿಸಿಲ್ಲ. ನಿಮಗೆ ಸುಳ್ಳು ಹೇಳಿ ಕುಡಿಸ್ಬಿಟ್ಟೆ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬೈದು ಮುಗಿದ ಮೇಲಾದರೂ ಆ ಮಾತು ಬರಬಹುದು ಎಂಬ ಆಸೆಯಿತ್ತು.

ಸರಸ್ವತಮ್ಮ ಒಂದು ಚೂರನ್ನು ಮೂಸಿ ನೋಡಿದರು. "ಮಿಡತೆ?"

"ಇಲ್ಲ ಅತ್ತೆ. ಬೇರು, ಗೆಡ್ಡೆ ಅಂಥದ್ದೇ ಎಲ್ಲ."

"ದಿನಾ ನೀನೇ ಕುಟ್ಟಿ ಕುದಿಸ್ತಿದ್ಯಾ?"

"ಹೂಂ ಅತ್ತೆ. ನಾನೇ."

ಅತ್ತೆ ತಲೆದೂಗಿದರು.

"ಹಾಗಾದ್ರೆ ಔಷಧಿಗೇ ಗುಣ ಇತ್ತು ಅನ್ನು. ಯಾರು ಕುದಿಸಿದ್ರೂ ನಾಟೋದು."

ಮಧುರಾ ಕೈಯಲ್ಲಿದ್ದ ಸೀರೆಯನ್ನು ಮಡಿಸುವುದೋ ಬಿಡುವುದೋ ತಿಳಿಯದೆ ನಿಂತಳು. ಇಷ್ಟು ವರ್ಷ ಇಂಥವರ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕಾದೆನಲ್ಲ ಎಂದು ತನ್ನ ಮೇಲೇ ಅಸಹ್ಯ ಹುಟ್ಟಿತು. ಸರಸ್ವತಮ್ಮ ಆಗಲೇ ಪೊಟ್ಟಣಗಳನ್ನು ಒಟ್ಟುಮಾಡಿ ಅವಳತ್ತ ಸರಿಸುತ್ತಿದ್ದರು.

"ಇವನ್ನೂ ಸೂಟ್‌ಕೇಸಿಗೆ ಹಾಕ್ಬಿಡು. ಚೈತನ್ಯಾ ಮಾಡಿಕೊಟ್ರೆ ಇನ್ನೂ ಬೇಗ ಹಿಡಿಯುತ್ತೆ."