ಪರದೆಯ ಹಿಂದಿನ ಮಣೆ

ಮಣೆ ಎಂದೊಡನೆ ನಿಮಗೆ ಊಟದ ಪಂಕ್ತಿ ನೆನಪಾದೀತು. ನನ್ನ ಮೇಲೆ ಯಾರೂ ಕೂತು ಉಂಡಿಲ್ಲ. ನಾನು ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಜನ ಹತ್ತಿ ನಿಲ್ಲುವ ಮರದ ಮಣೆ. ಗೇಣುದ್ದ ಎತ್ತರ, ಒಬ್ಬರು ಕಾಲು ಅಗಲಿಸಿ ನಿಲ್ಲುವಷ್ಟು ಅಗಲ, ಅಷ್ಟೇ ನನ್ನ ಮೈ.

ನಮ್ಮದು ದಿನಕ್ಕೆ ನಾಲ್ಕೇ ವಿಮಾನ ಬಂದುಹೋಗುವ ಬಯಲುಸೀಮೆಯ ಸಣ್ಣ ನಿಲ್ದಾಣ. ಅದು ಶುರುವಾಗುವ ಹೊತ್ತಿಗೆ ಚೀಲದ ಒಳಗನ್ನು ತೋರಿಸುವ ಎಕ್ಸ್‌ರೇ ಯಂತ್ರ ದೊಡ್ಡದೊಂದು ಮರದ ಪೆಟ್ಟಿಗೆಯಲ್ಲಿ ಬಂತು. ಯಂತ್ರವನ್ನು ಹೊರಗೆ ತೆಗೆದಾಗ ಎಲ್ಲರೂ ಅದರ ಸುತ್ತ ನೆರೆದರು. ಪೆಟ್ಟಿಗೆಯ ಕಡೆ ನೋಡಿದವನು ಬಡಿಗ ಕಾಳಪ್ಪ ಒಬ್ಬನೇ. ಹಲಗೆಯನ್ನು ಬೆರಳಿನಿಂದ ತಟ್ಟಿ, "ಒಲಿಗೆ ಹಾಕೂ ಕಟಗಿ ಅಲ್ಲ ಇದು" ಎಂದ. ಅಂದೇ ಮಧ್ಯಾಹ್ನ ಕೊಯ್ದು, ಉಜ್ಜಿ, ಮೊಳೆ ಹೊಡೆದು ನನ್ನನ್ನು ಮಾಡಿದ. ಪೆಟ್ಟಿಗೆಯ ಮೇಲಿದ್ದ 'ಈ ಕಡೆ ಮೇಲಕ್ಕೆ' ಎಂಬ ಬಾಣದ ಗುರುತು ನನ್ನ ಒಂದು ಬದಿಯಲ್ಲಿ ಉಳಿದಿತ್ತು, ಅದೂ ತಲೆಕೆಳಗಾಗಿ. ಕಾಳಪ್ಪ ನೋಡಿ ನಕ್ಕ. "ಇರ್ಲಿ ಬಿಡು, ನೀ ಏನ್ ಹಾರಿ ಹೋಗೂದದ?"

ಮೊದಲ ಮೂರು ವರ್ಷ ಗಂಡಸರ ಸಾಲಿನಲ್ಲಿದ್ದೆ. ಬರೀ ಬೂಟುಗಳು. ಹತ್ತುತ್ತಿದ್ದರು, ಜೇಬು ಮುಟ್ಟಿಸಿಕೊಳ್ಳುತ್ತಿದ್ದರು, ಇಳಿಯುತ್ತಿದ್ದರು. ಆಮೇಲೆ ಹೆಂಗಸರ ಕಡೆಯ ಫೈಬರ್ ಮೆಟ್ಟಿಲು ಬಿರುಕು ಬಿಟ್ಟಿತೆಂದು ನನ್ನನ್ನು ಅವರ ತಪಾಸಣೆಗೆ ಕಟ್ಟಿದ ಬಟ್ಟೆಯ ಪರದೆಯ ಹಿಂದಕ್ಕೆ ಒಯ್ದರು. ನನ್ನ ನಿಜವಾದ ಬಾಳು ಅಲ್ಲಿಂದ ಶುರುವಾಯಿತು.

ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಪರದೆಯ ಹೊರಗೆ ನಿಂತು ಚೀಲ, ಚಪ್ಪಲಿಗಳನ್ನು ಟ್ರೇಯಲ್ಲಿ ಹಾಕಿಸಿ ಎಕ್ಸ್‌ರೇಗೆ ಕಳಿಸುತ್ತಾರೆ. ಇನ್ನೊಬ್ಬರು ಒಳಗೆ ನನ್ನ ಪಕ್ಕದಲ್ಲಿ ನಿಂತು, ಕೈಯಲ್ಲಿ ಹಿಡಿದ ಡಿಟೆಕ್ಟರನ್ನು ಬಂದವರ ಮೈಸುತ್ತ ಆಡಿಸುತ್ತಾರೆ. ಲೋಹ ಸಿಕ್ಕರೆ ಅದು ಕೂಗುತ್ತದೆ.

ಈ ಏರ್ಪಾಡನ್ನೆಲ್ಲ ನಡೆಸುತ್ತಿದ್ದವರು ಬೆಳಗಿನ ಪಾಳಿಯ ಇನ್‌ಚಾರ್ಜ್ ಪ್ರಮೀಳಾ ತಳಕೇರಿ. ನಾನು ಅವರನ್ನು ಬೂಟಿನಿಂದ ಬಲ್ಲೆ. ಎಡಗಾಲಿನ ಹಿಮ್ಮಡಿ ಸವೆದಿತ್ತು, ದಿನವಿಡೀ ಆ ಕಾಲಿನ ಮೇಲೆ ತಿರುಗಿ ನಾಲ್ಕೂ ಕಡೆ ನೋಡುತ್ತಿದ್ದರಲ್ಲ! ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾರು ಬಾಗಿಲಿಗೆ, ಯಾರು ಚೀಲಕ್ಕೆ, ಯಾರು ಎಕ್ಸ್‌ರೇಗೆ ಎಂದು ಹಂಚುತ್ತಿದ್ದರು. ಎಕ್ಸ್‌ರೇ ಮುಂದೆ ಕೂತವರ ಕಣ್ಣು ದಣಿಯುತ್ತದೆಂದು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಿಸುತ್ತಿದ್ದರು. "ಏಳೋ ಮಾರಾಯಾ, ನಿನ್ನ ಕಣ್ಣು ಕೆಂಪ್ ಮೆಣಸಿನಕಾಯಿ ಆಗ್ಯಾವ" ಎಂದು ಎಬ್ಬಿಸುವುದು ಕೇಳಿಸುತ್ತಿತ್ತು.

ಗಂಡಸರನ್ನು ಬದಲಿಸಲು ಗಂಡಸರಿದ್ದರು. ಆ ಪಾಳಿಗೆ ಹೆಂಗಸರು ಮೂವರೇ. ಅವರಲ್ಲಿ ಒಬ್ಬಳು ಹೆರಿಗೆಗೆ ಹೋದಳು. ವಿಮಾನದ ಮೆಟ್ಟಿಲ ಬಳಿಯೂ ಒಬ್ಬ ಹೆಂಗಸು ಇರಬೇಕೆಂಬ ಆದೇಶ ಬಂದು ಎರಡನೆಯವಳು ಅಲ್ಲಿಗೆ ಹೋದಳು. ಪರದೆಯ ಒಳಗೂ ಹೊರಗೂ ಉಳಿದವಳು ದಾಕ್ಷಾಯಿಣಿ ಒಬ್ಬಳೇ.

ದಾಕ್ಷಾಯಿಣಿಗೆ ಇಪ್ಪತ್ತಾರು. ಎಕ್ಸ್‌ರೇ ಚಿತ್ರ ಗುರುತಿಸುವ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮೂರನೇ ಸಲ ಪಾಸಾಗಿದ್ದಳು. ಕೆಲಸ ಕಾಯಂ ಆಗಲು ಇನ್ನೂ ಎರಡೂವರೆ ತಿಂಗಳು ಬಾಕಿ. ಅಷ್ಟರೊಳಗೆ ಒಂದೇ ಒಂದು ಲೋಪ ಅವಳ ಹೆಸರಿಗೆ ಬಿದ್ದರೂ ಮನೆಗೆ ಹೋಗಬೇಕು. ಅದು ಅವಳಿಗೆ ಗೊತ್ತಿತ್ತು, ಪ್ರಮೀಳಾ ಅವರಿಗೂ ಗೊತ್ತಿತ್ತು.

"ಒಬ್ಬಾಕಿಗೇ ಆಗ್ತದೇನ ದಾಕ್ಷಾ?"

"ಆಗ್ತದ್ರಿ ಮೇಡಮ್ಮಾರ."

"ನಡಸ್ಕೋಂತ ಹೋಗೂಣಂತ ಹಂಗಾರ."

ಹೀಗೆ ಎರಡು ತಿಂಗಳು ನಡೆಯಿತು. ನೀರು ಕುಡಿದರೆ ಮತ್ತೆ ಹೊರಗೆ ಹೋಗಬೇಕಾಗುತ್ತದೆಂದು ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಸಾಲು ಕರಗಿ ಪರದೆಯೊಳಗೆ ಯಾರೂ ಇಲ್ಲದಾಗ ಬೂಟು ಬಿಚ್ಚಿ, ಊದಿದ ಪಾದವನ್ನು ಒಂದು ಕ್ಷಣ ನನ್ನ ಮೇಲಿಡುತ್ತಿದ್ದಳು. ನನಗೆ ಕೈಯಿಲ್ಲ. ಇದ್ದಿದ್ದರೆ ಒತ್ತುತ್ತಿದ್ದೆ.

ಈಗ ನನ್ನದೊಂದು ತಪ್ಪನ್ನು ಹೇಳಬೇಕು. ನಮ್ಮ ಸೀಮೆಯ ಹಳ್ಳಿಯ ಹೆಂಗಸರು ಮಣೆಯ ಮೇಲೆ ಚಪ್ಪಲಿ ಕಾಲಿಡುವುದಿಲ್ಲ. ನನ್ನನ್ನು ಕಂಡೊಡನೆ ತಾವಾಗಿಯೇ ಚಪ್ಪಲಿ ಕಳಚಿ, ಪರದೆಯ ಬುಡದಲ್ಲಿ ಸರಿಸಿಟ್ಟು, ಬರಿಗಾಲಲ್ಲಿ ಹತ್ತುತ್ತಿದ್ದರು. ಒಂದು ದಿನ ಮುದುಕಿಯೊಬ್ಬಳು ಹತ್ತಿ ನಿಂತು, ದಾಕ್ಷಾಯಿಣಿ ಡಿಟೆಕ್ಟರ್ ಆಡಿಸಲು ತೊಡಗಿದಾಗ, "ಮಣಿ ಮ್ಯಾಲ ನಿಂದ್ರಿಸಿ ಆರತಿ ಬೆಳಗ್ತೀ ಏನ ಯವ್ವಾ? ಹಾಡು ಬರ್ತದಿಲ್ಲೋ?" ಎಂದು ಕೇಳಿದಳು.

"ಹಾಡು ಇದ... ಹಾಡ್ತದ ನೋಡ್ರಿ" ಎಂದಳು ದಾಕ್ಷಾಯಿಣಿ. ಬಳೆಗಳ ಹತ್ತಿರ ಡಿಟೆಕ್ಟರ್ ಕುಂಯ್ ಎಂದಿತು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅಜ್ಜಿ ಇಳಿದು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಆ ಚಪ್ಪಲಿಯನ್ನು ಯಾರೂ ನೋಡಿರಲಿಲ್ಲ. ಕಾಲಲ್ಲೇ ಇದ್ದಿದ್ದರೆ ಅದು ಡಿಟೆಕ್ಟರಿಗೆ ಸಿಗುತ್ತಿತ್ತು, ಹೊರಗೆ ಇನ್ನೊಬ್ಬಳಿದ್ದಿದ್ದರೆ ಟ್ರೇಗೆ ಹೋಗುತ್ತಿತ್ತು. ನನಗೆ ಮಾತು ಬರುವುದಿಲ್ಲವಲ್ಲ, ನೋಡುತ್ತ ಸುಮ್ಮನಿದ್ದೆ.

ದಾಕ್ಷಾಯಿಣಿ ಕಾಯಂ ಆಗಲು ಹನ್ನೆರಡೇ ದಿನ ಉಳಿದಿದ್ದ ಒಂದು ಗುರುವಾರ ಹನ್ನೊಂದರ ವಿಮಾನಕ್ಕೆ ಸಾಲು ಉದ್ದವಿತ್ತು. ಇಳಕಲ್ ಸೀರೆ ಉಟ್ಟ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಪರದೆ ಸರಿಸಿ ಬಂದರು. ಉಳಿದವರಂತೆ ಚಪ್ಪಲಿ ಕಳಚಿದರು. ನೆಲದ ಮೇಲೆ ಬಲಗಾಲಿನದು ಮೆತ್ತಗೆ ಬಿತ್ತು. ಎಡಗಾಲಿನದು ದಪ್ಪೆಂದಿತು. ಚಪ್ಪಲಿಯ ತೂಕ ನನಗೆ ತಿಳಿಯದೇ? ದಾಕ್ಷಾಯಿಣಿ ಅವರ ತಲೆಯಿಂದ ಪಾದದವರೆಗೆ ಒಂದಿಷ್ಟೂ ಬಿಡದೆ ನೋಡಿದಳು. ಬಾಗಿ ಅಂಗಾಲನ್ನೂ ನೋಡಿದಳು. ಏನೂ ಸಿಗಲಿಲ್ಲ. ಬೋರ್ಡಿಂಗ್ ಪಾಸಿಗೆ ಸೀಲು ಹೊಡೆದು, "ಹೋಗಿ ಬರ್ರಿ ಅಕ್ಕಾರ" ಎಂದು ಕಳಿಸಿದಳು.

ಸ್ವಲ್ಪ ಹೊತ್ತಿಗೆ ಅದೇ ಚಪ್ಪಲಿಗಳು ಒಳಗಿನ ಕಡೆಯಿಂದ ತಿರುಗಿ ಬಂದವು. ಜೊತೆಗೆ ಪ್ರಮೀಳಾ ಅವರ ಬೂಟು. ಆಗಲೇ ಸಾಲು ಮುಗಿದಿತ್ತು. ಆ ಹೆಂಗಸಿನ ಕೊರಳಲ್ಲಿ ಈಗ ಗುರುತಿನ ಚೀಟಿ ತೂಗಾಡುತ್ತಿತ್ತು. ಹೆಸರು ವನಜಾಕ್ಷಿ. ಮುಖ್ಯ ಕಚೇರಿಯಿಂದ ಹೇಳದೆ ಕೇಳದೆ ಪರೀಕ್ಷೆಗೆ ಬಂದ ಅಧಿಕಾರಿ. ಎಡ ಚಪ್ಪಲಿಯ ಅಟ್ಟೆ ಬಿಡಿಸಿ, ಒಳಗಿದ್ದ ಕಬ್ಬಿಣದ ತುಂಡನ್ನು ನನ್ನ ಮೇಲಿಟ್ಟರು.

ದಾಕ್ಷಾಯಿಣಿ ಬಾಗಿ ಆ ತುಂಡನ್ನು ನೋಡಿದಳು. "ತಪ್ಪಾತ್ರಿ" ಎಂದಳು. ಅಷ್ಟೇ. ಒಬ್ಬಳೇ ಇದ್ದೆ ಎನ್ನಲಿಲ್ಲ. ನೀರು ಕುಡಿದಿಲ್ಲ ಎನ್ನಲಿಲ್ಲ.

ವನಜಾಕ್ಷಿ ಫಾರಂ ತೆಗೆದರು. "ಹೆಸರು?"

"ನನ್ನ ಹೆಸರು ಬರಕೋರಿ" ಎಂದರು ಪ್ರಮೀಳಾ.

"ನೀವು ಒಳಗಿರಲಿಲ್ಲವಲ್ಲ."

"ಇಲ್ಲಿ ಇಬ್ಬರು ಇರಬೇಕಿತ್ತು. ಒಬ್ಬಾಕಿನ್ನ ಇಟ್ಟಾಕಿ ನಾನು. ಡ್ಯೂಟಿ ಹಾಳಿ ಮ್ಯಾಲ ನಂದ ಸಹಿ ಅದ. ಆಕಿ ತನ್ನ ಕೆಲಸಾ ಪೂರಾ ಮಾಡ್ಯಾಳ. ಇನ್ನೊಬ್ಬರ ಕೆಲಸಾನೂ ಆಕೀನೇ ಮಾಡಬೇಕಂದ್ರ ಯಾವ ಕೈಲೆ ಮಾಡ್ಯಾಳು?"

"ಎಷ್ಟು ದಿನದಿಂದ ಒಬ್ಬಳೇ?"

"ಎರಡ್ ತಿಂಗಳಾತು."

"ಜನ ಸಾಲದು ಅಂತ ನಮಗೆ ಒಂದು ಪತ್ರ ಬರೆದಿದ್ದೀರಾ?"

ಪ್ರಮೀಳಾ ಅವರ ಬೂಟು ಸವೆದ ಹಿಮ್ಮಡಿಯ ಮೇಲೆ ಅತ್ತ ತಿರುಗಿ, ಇತ್ತ ತಿರುಗಿ ನಿಂತಿತು. "ಇಲ್ಲರಿ. ನಡೀತಿತ್ತು. ನಡಸ್ತಿದ್ದೆ."

"ನಡೆಸ್ತಿದ್ದಿದ್ದು ನೀವಲ್ಲ ಕಣ್ರೀ, ಈ ಹುಡುಗಿ." ವನಜಾಕ್ಷಿ ದನಿ ಏರಿಸಲಿಲ್ಲ. "ಎಲ್ಲ ಸರಿಯಾಗಿದೆ ಅಂತ ನೀವು ತೋರಿಸ್ತಾ ಇದ್ರೆ, ಸರಿಯಿಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು? ಬೆಳಗ್ಗೆಯಿಂದ ಹೊರಗೆ ಕೂತು ಪರದೆ ಕೆಳಗಿನ ಸಂದಿಯಲ್ಲಿ ನೋಡ್ದೆ. ಅರ್ಧ ಜನ ಚಪ್ಪಲಿ ಬಿಟ್ಟು ಹತ್ತುತ್ತಾರೆ. ಹಬ್ಬಕ್ಕೆ ಬಂದೋರ ಥರ. ಈ ಮಣೆ ಮೊದಲು ತೆಗೀರಿ."

ನನ್ನ ಪಾಲಿನ ಶಿಕ್ಷೆ ಅಲ್ಲೇ ಆಯಿತು. ದಾಕ್ಷಾಯಿಣಿಯದು ಆಗಲಿಲ್ಲ. ಮತ್ತೆ ಎರಡು ದಿನ ತರಬೇತಿ, ಆಮೇಲೆ ಇನ್ನೊಂದು ಪರೀಕ್ಷೆ, ಅದನ್ನು ನೋಡಿ ಹೇಳುತ್ತೇನೆ ಎಂದು ವನಜಾಕ್ಷಿ ಹೋದರು. ಅವರು ಮರೆಯಾದ ಮೇಲೆ ದಾಕ್ಷಾಯಿಣಿ ನನ್ನ ಮೇಲೆ ಕುಸಿದು ಕೂತಳು. ಪ್ರಮೀಳಾ ಅವಳ ಕೈಗೆ ನೀರಿನ ಬಾಟಲಿ ಕೊಟ್ಟರು.

"ಪೂರಾ ಕುಡಿ. ನಾ ನಿಂದಿರ್ತೀನಿ ಇಲ್ಲೆ."

"ಮೇಡಮ್ಮಾರ, ನಿಮಗ ಪ್ರಮೋಷನ್ ಬರೂದಿತ್ತಲ್ರಿ..."

"ಹೋಗ್ಲಿ ಬಿಡು. ನೀ ಕುಡಿ ಮೊದಲ."

ಮರುದಿನ ನನ್ನ ಜಾಗಕ್ಕೆ ಸ್ಟೀಲಿನ ಮೆಟ್ಟಿಲು ಬಂತು. ನನ್ನನ್ನು ಹೊರಗಿನ ಓಣಿಯಲ್ಲಿ, ನೋಟೀಸು ಬೋರ್ಡಿನ ಎದುರು, ಗೋಡೆಗೆ ಒರಗಿಸಿ ನಿಲ್ಲಿಸಿದರು. ಅದುವರೆಗೂ ಎಲ್ಲರನ್ನೂ ಕೆಳಗಿನಿಂದ ನೋಡಿದವನು ನಾನು. ನೆಟ್ಟಗೆ ನಿಂತಾಗ ಮೊದಲ ಬಾರಿಗೆ ಮುಖಗಳು ಎದುರಿಗೆ ಕಂಡವು. ಪ್ರಮೀಳಾ ಅವರ ಕೂದಲು ಇಷ್ಟು ಬೆಳ್ಳಗಿದೆ ಎಂದು ನನಗೆ ತಿಳಿದೇ ಇರಲಿಲ್ಲ. ಅವರು ಅಲ್ಲೇ ಗೋಡೆಗೆ ಹಾಳೆ ಒತ್ತಿಟ್ಟುಕೊಂಡು ಮುಖ್ಯ ಕಚೇರಿಗೆ ಪತ್ರ ಬರೆದರು. ಹೆಂಗಸರ ಕಡೆ ಎಷ್ಟು ಜನ ಬೇಕು, ಎಷ್ಟು ಜನ ಇದ್ದಾರೆ, ಇಲ್ಲದಿದ್ದರೆ ಏನಾಗುತ್ತದೆ. ನೇರವಾದ ಮಾತು, ಒಂದು ಪುಟ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ! ದಾಕ್ಷಾಯಿಣಿ ಆ ಓಣಿಯಲ್ಲಿ ಹೋಗುವಾಗಲೆಲ್ಲ ಬೋರ್ಡಿನ ಕಡೆ ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಒಂಬತ್ತನೆಯ ದಿನ ಬೆಳಿಗ್ಗೆ ಒಂದು ಹಾಳೆ ಅಂಟಿಸಿದರು. ಅವಳು ಒಮ್ಮೆ ಓದಿದಳು. ನಂಬದೆ, ಸಾಲಿನ ಕೆಳಗೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಎರಡನೇ ಪರೀಕ್ಷೆಯಲ್ಲಿ ತೇರ್ಗಡೆ. ಮೊದಲಿನ ಲೋಪ ವ್ಯಕ್ತಿಯದಲ್ಲ, ಜನರನ್ನು ನಿಯೋಜಿಸಿದ ರೀತಿಯದು. ಕೆಲಸ ಕಾಯಂ. ಅದರ ಕೆಳಗೆ, ಪಾಳಿಗೆ ಇನ್ನಿಬ್ಬರು ಹೆಂಗಸರ ನೇಮಕ. ಎಲ್ಲಕ್ಕಿಂತ ಕೆಳಗೆ, ಇನ್‌ಚಾರ್ಜ್ ಪ್ರಮೀಳಾ ತಳಕೇರಿಯವರಿಗೆ ಎಚ್ಚರಿಕೆ, ಬಡ್ತಿ ಒಂದು ವರ್ಷ ಮುಂದಕ್ಕೆ.

ಪ್ರಮೀಳಾ ಬಂದು ಓದಿದರು. ದಾಕ್ಷಾಯಿಣಿ ಅಳಲು ಶುರುಮಾಡಿದ್ದಳು. "ಏ ಹುಚ್ಚಿ, ಒಂದ್ ವರ್ಷ ಅಂದ್ರ ಏನ್ ಮಹಾ? ನೀ ಎರಡು ಸಲ ಫೇಲಾಗಿ ಕುಂತಿದ್ದಿ, ನಾ ಏನರ ಅಂದೆನೇನ?" ಎಂದರು. ಅಳುತ್ತಿದ್ದವಳು ನಕ್ಕಳು. ನನ್ನ ಹಲಗೆಗಳು ಅಷ್ಟು ದಿನ ಬಿಗಿದುಕೊಂಡಿದ್ದುವೋ ಏನೋ, ಆ ಗಳಿಗೆಯಲ್ಲಿ ಒಂದೊಂದಾಗಿ ಸಡಿಲಗೊಂಡಂತಾಯಿತು.

ನನ್ನನ್ನು ಗುಜರಿಗೆ ಹಾಕಲು ಕೂಲಿಯವನು ಬಂದಾಗ ದಾಕ್ಷಾಯಿಣಿ ಬಿಡಲಿಲ್ಲ. ಸಿಬ್ಬಂದಿಯ ವಿಶ್ರಾಂತಿ ಕೋಣೆಯ ಬೆಂಚಿನ ಮುಂದೆ ತಂದಿಟ್ಟಳು. ಅದಾಗಿ ಒಂಬತ್ತು ವರ್ಷ. ಮೊಳೆಗಳು ತುಕ್ಕು ಹಿಡಿದಿವೆ, ಒಂದು ಮೂಲೆಯನ್ನು ಇಲಿ ಕಡಿದಿದೆ. ಪ್ರಮೀಳಾ ಬಡ್ತಿ ಪಡೆದು ದೊಡ್ಡ ನಿಲ್ದಾಣಕ್ಕೆ ಹೋದರು. ಈಗ ಪಾಳಿಯ ಇನ್‌ಚಾರ್ಜ್ ದಾಕ್ಷಾಯಿಣಿ. ಜನ ಕಡಿಮೆಯಾದ ದಿನವೇ ಅವಳ ಪತ್ರ ಮೇಲಕ್ಕೆ ಹೋಗುತ್ತದೆ. ಹೆಚ್ಚು ಪತ್ರ ಬರೆಯುತ್ತಾಳೆಂದು ಕಚೇರಿಯವರು ಬೈಯುತ್ತಾರಂತೆ. ಬೈಯಲಿ.

ವಿಮಾನ ಹತ್ತುವವರು ಈಗ ನನ್ನ ಬಳಿ ಬರುವುದಿಲ್ಲ. ಅವರನ್ನು ಕಾಯುವ ಸಿಬ್ಬಂದಿ ಬರುತ್ತಾರೆ. ಲಕ್ಷಗಟ್ಟಲೆ ಕಾಲುಗಳನ್ನು ಹೊತ್ತವನಿಗೆ ಈಗ ದಿನಕ್ಕೆ ಹತ್ತೋ ಹನ್ನೆರಡೋ ಜೋಡಿ, ಅದೂ ಬೂಟು ಕಳಚಿದವು. ಯಾರನ್ನೂ ತಡೆದು ನಿಲ್ಲಿಸಬೇಕಿಲ್ಲ, ಏನನ್ನೂ ಹುಡುಕಬೇಕಿಲ್ಲ. ನನಗೆ ಇದೇ ಹಿತ.

ಇವತ್ತು ಹೊಸ ಹುಡುಗಿಯೊಬ್ಬಳು ಬಂದು ಕೂತಳು. ಬೂಟು ಕಳಚಿ, ಊದಿದ ಪಾದಗಳನ್ನು ಹಗುರಾಗಿ ನನ್ನ ಮೇಲಿಟ್ಟಳು. ಕಣ್ಣು ಮುಚ್ಚಿದಳು, ಮತ್ತೆ ಗಡಿಯಾರ ನೋಡಿ ಗಾಬರಿಯಿಂದ ಬೂಟಿಗೆ ಕೈಹಾಕಿದಳು. ಬಾಗಿಲಲ್ಲಿ ದಾಕ್ಷಾಯಿಣಿ ನಿಂತಿದ್ದಳು.

"ಎಲ್ಲಿಗಿ ಎದ್ದಿ? ಇನ್ನ ನಾಲ್ಕ ನಿಮಿಷ ಅದ. ಕೂಡು."

ಹುಡುಗಿ ಕೂತಳು. ಎರಡು ಪಾದಗಳೂ ಮತ್ತೆ ನನ್ನ ಮೇಲೆ ಬಂದವು, ಈ ಸಲ ಪೂರ್ತಿ ಭಾರ ಬಿಟ್ಟು.