ಹನ್ನೆರಡು ಅಡಿ ಆಚೆ

ಬಿಸಿಲಿಗೆ ರಸ್ತೆ ದಾಟುವ ಬಿಳಿ ಪಟ್ಟೆ ಕಣ್ಣು ಚುಚ್ಚುತ್ತಿದೆ, ಒಂದೂರಲ್ಲಿ ಒಬ್ಬ ದರ್ಜಿಯಮ್ಮ ಇದ್ದಳಂತೆ, ಅವಳ ಒಂದು ಕಾಲು ಮೈಯಲ್ಲಿತ್ತಂತೆ, ಇನ್ನೊಂದು ಇನ್ಶೂರೆನ್ಸ್ ಕಂಪನಿಯ ಫೈಲಿನಲ್ಲಿತ್ತಂತೆ — ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು, ಹೂಂಗುಟ್ಟದಿದ್ದರೆ ನಿಲ್ಲಿಸಿಬಿಡುತ್ತಿದ್ದಳು, ಹೂಂ ಅಂದುಕೊಂಡಳು ಅವಳು, ಊರುಗೋಲನ್ನು ಕಂಕುಳಿಗೆ ಒತ್ತಿಕೊಂಡು, ಹೂಂ, ಮುಂದೆ? ಮುಂದೇನು, ಕಂಪನಿಯ ಸರ್ವೇಯರ್ ಬರೆದುಬಿಟ್ಟಿದ್ದಾನೆ, ಕಾರು ಗುದ್ದಿದಾಗ ಪಾದಚಾರಿ ಬಿಳಿ ಪಟ್ಟೆಯಿಂದ ಹನ್ನೆರಡು ಅಡಿ ಆಚೆ ರಸ್ತೆ ದಾಟುತ್ತಿದ್ದರು, ತಪ್ಪು ಅವರದೇ, ಕ್ಲೇಮು ತಿರಸ್ಕೃತ — ಪಾದಚಾರಿಯಂತೆ, ಪಾದ ಮುರಿದುಹಾಕಿ ಎಂಥ ಮರ್ಯಾದೆಯ ಹೆಸರು, ಇನ್ನೊಂದು ಆಪರೇಷನ್ ಆಗದೆ ಈ ಕಾಲು ಮಿಷನ್ ತುಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು, ಮಿಷನ್ ತುಳಿಯದ ದರ್ಜಿ ಎಂಥ ದರ್ಜಿ, ಅದಕ್ಕೇ ಸರ್ವೇಯರಿಗೆ ಫೋನಿನಲ್ಲಿ ಅಂದಿದ್ದಳು, ನಾನೇ ಅಳೆದು ತೋರಿಸ್ತೀನಿ, ನೀವೂ ಬನ್ನಿ ಸಾರ್, ಮಾತು ಅಂದ್ರೆ ಮಾತು. ಬಂದಿದ್ದಾನೆ, ಫೈಲನ್ನೇ ತಲೆಗೆ ನೆರಳು ಮಾಡಿಕೊಂಡು, ಬೇಗ ಮುಗಿಸೀಮ್ಮ, ಇದೇನು ಅಂಗಿ ಅಳತೆಯಾ — ಅಂಗಿಯಾಗಿದ್ದರೆ ಇಷ್ಟು ಹೊತ್ತಿಗೆ ನಿಮಗೆ ತೊಡಿಸಿ ಕಳಿಸ್ತಿದ್ದೆ ಸಾರ್, ನಗು ತಡೆಯುತ್ತ ಜೊತೆಗೆ ಬಂದ ತಂಗಿ ಕುಕ್ಕರುಗಾಲಲ್ಲಿ ಕೂತು ಟೇಪು ಬಿಡಿಸುತ್ತಾಳೆ, ಪಟ್ಟೆಯ ಅಂಚಿನಿಂದ ಪೊಲೀಸರು ಬಳಿದ ಹಳದಿ ಗೆರೆಯವರೆಗೆ, ಅಕ್ಕ ಬಿದ್ದಿದ್ದ ಜಾಗ, ಐದಡಿ ಟೇಪು ಎರಡು ಸಲ ಪೂರ್ತಿ, ಮೇಲೆ ಎರಡು ಅಡಿ, ಹನ್ನೆರಡು — ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ, ನಾನೂ ಅದನ್ನೇ ಅಲ್ವೇನಮ್ಮ ಬರೆದದ್ದು, ಅವನ ಮೀಸೆ ಕೂಡ ನಗುತ್ತಿದೆ, ಊರುಗೋಲೂರಿ ಅವಳು ಹಳದಿ ಗೆರೆಯನ್ನೇ ನೋಡುತ್ತಾಳೆ, ಹಾಗಾದರೆ ತಾನೇ ಎಲ್ಲೋ ಕನಸು ಕಾಣುತ್ತ ಪಟ್ಟೆ ಬಿಟ್ಟು — ಅಕ್ಕಾ, ಇಲ್ಲೇನೋ ಅಂಟ್ಕೊಂಡಿದೆ ನೋಡೇ. ಕಂದು ಬಟನ್. ನಾಲ್ಕು ಕಣ್ಣು. ಎರಡು ಬಿಳಿ ಪಟ್ಟೆಗಳ ನಡುವೆ ಡಾಂಬರಿನಲ್ಲಿ ಹೂತಿದೆ, ಮೇಷ್ಟ್ರು ಹೊಲಿಯಲು ಕೊಟ್ಟಿದ್ದ ಕೋಟಿಗೆಂದು ಆವತ್ತು ಕೊಂಡ ಬಟನ್, ಪೊಟ್ಟಣ ಕೈಯಲ್ಲೇ ಇತ್ತು, ಕಾರು ಗುದ್ದಿದಾಗ ಆಕಾಶ ಕೆಳಗೆ ರಸ್ತೆ ಮೇಲೆ, ಟಪಟಪ ಸದ್ದು, ಮಳೆ ಅಂದುಕೊಂಡಿದ್ದಳಲ್ಲ — ಅಗೋ ಇನ್ನೊಂದು, ಅದರಾಚೆ ಮತ್ತೊಂದು, ಹಳದಿ ಗೆರೆಯವರೆಗೂ, ರಸ್ತೆಗೇ ಯಾರೋ ಸಾಲಾಗಿ ಬಟನ್ ಹೊಲಿದ ಹಾಗೆ. ಅಳತೆ ನಿಮ್ಮದು ಸರೀನೇ ಸಾರ್, ಹನ್ನೆರಡೇ, ಆದ್ರೆ ಅಷ್ಟು ದೂರ ನಾನು ನಡೆದದ್ದಲ್ಲ, ಕಾರು ನನ್ನ ಎಳ್ಕೊಂಡು ಹೋದದ್ದು. ಯಾರದೋ ಬಟನ್ ಇರಬಹುದಮ್ಮ. ಪೊಟ್ಟಣದಲ್ಲಿ ಉಳಿದ ಎರಡನ್ನ ಆಸ್ಪತ್ರೆಯವರು ಕೊಟ್ಟಿದ್ದಾರೆ, ಜೋಡಿಸಿ ನೋಡ್ತೀರಾ? ನೋಡುತ್ತಾನೆ, ಬಗ್ಗಿ, ಬೆವರು ಒರೆಸಿಕೊಂಡು, ಮತ್ತೆ ಬಗ್ಗಿ. ಪಟ್ಟೆ ಮೇಲೇ ಗುದ್ದಿದ್ದು ಅಂತ ಬರೀರಿ, ಬರೆಯೋವರೆಗೂ ನಾನು ನಿಂತಿರ್ತೀನಿ, ಒಂದೇ ಕಾಲಲ್ಲಿ ನಿಲ್ಲೋಕೆ ನೀವೇ ಕಲಿಸಿದ್ದೀರಲ್ಲ — ಪೆನ್ನು ಹಳೆಯ ಸಾಲನ್ನು ಹೊಡೆದುಹಾಕುತ್ತದೆ, ಬರೆಯುತ್ತದೆ, ಸಹಿ ಬೀಳುತ್ತದೆ, ತಂಗಿ ಟೇಪು ಸುತ್ತುತ್ತಾಳೆ, ಕೊಟ್ಟ ಮಾತು ನಡೆಯಿತು, ಆಮೇಲೆ — ಆಮೇಲೆ ಏನೂ ತೋಚುತ್ತಿಲ್ಲ ಅವಳಿಗೆ, ಬರೀ ಆ ಬಟನ್, ಡಾಂಬರಿನೊಳಗಿಂದ, ನಾಲ್ಕೂ ಕಣ್ಣು ಬಿಟ್ಟುಕೊಂಡು